ಒದ್ದೆ ಇರುವಾಗ ಮೆಗ್ಗರ್ ಹಾಕಿ: ಕೊಡಗಿನ ಮನೆ ಸೋಲಾರ್ ಚೆಕಿಂಗ್, ನನ್ನ ಅನುಭವ

ನಮ್ಮ ಕಡೆ ಸೋಲಾರ್ ಹಾಕಿಸಿದ ಮನೆಗಳಲ್ಲಿ ಜೂನ್ ಕಳೆದರೆ ಒಂದೇ ದೂರು. ಬೆಳಿಗ್ಗೆ ಇನ್ವರ್ಟರ್‌ನಲ್ಲಿ ಕೆಂಪು ದೀಪ, ಡಿಸ್‌ಪ್ಲೇಯಲ್ಲಿ ಐಸೋಲೇಷನ್ ಫಾಲ್ಟ್, ಅಂದರೆ ಪ್ಯಾನೆಲ್ ಕಡೆಯ ವಯರಿಂಗಿನಿಂದ ಅರ್ಥ್ ಕಡೆಗೆ ಕರೆಂಟ್ ಲೀಕ್ ಆಗುತ್ತಿದೆ ಅಂತ. ಹತ್ತೂವರೆ, ಹನ್ನೊಂದಕ್ಕೆ ಸ್ವಲ್ಪ ಬಿಸಿಲು ಬಿದ್ದರೆ ತಾನಾಗಿ ಹಸಿರು ದೀಪ. ಹಾಕಿಕೊಟ್ಟ ಕಂಪನಿಯ ಹುಡುಗರು ಮೈಸೂರು ಬಿಟ್ಟು ಇಲ್ಲಿಗೆ ಮುಟ್ಟುವಾಗ ಮಧ್ಯಾಹ್ನ. ಆಗ ಎಲ್ಲ ಒಣಗಿರುತ್ತದೆ. ಮಲ್ಟಿಮೀಟರ್ ಇಡುತ್ತಾರೆ, ವೋಲ್ಟೇಜ್ ಸರಿ, ಕರೆಂಟ್ ಸರಿ, ಫೋಟೋ ತೆಗೆದು ಆಫೀಸಿಗೆ ಕಳಿಸಿ ಊಟಕ್ಕೆ ಹೋಗುತ್ತಾರೆ. ಮರುದಿನ ಬೆಳಿಗ್ಗೆ ಮತ್ತೆ ಕೆಂಪು ದೀಪ. ಕೊನೆಗೆ ಇನ್ವರ್ಟರ್ ಹಾಳು ಅಂತ ಬದಲಾಯಿಸುತ್ತಾರೆ. ಹೊಸ ಇನ್ವರ್ಟರೂ ಅದನ್ನೇ ಹೇಳುತ್ತದೆ.

ಒದ್ದೆ ಇರುವಾಗಲೇ ಮೆಗ್ಗರ್ (ವಯರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ಟೆಸ್ಟ್ ಮಾಡಬೇಕು ಅಂತ ನಾನು ಹೇಳಿದಾಗ ನಮ್ಮ ವಯರ್‌ಮನ್ ಬಳಗದಲ್ಲೇ ನಕ್ಕವರಿದ್ದಾರೆ. ಒಬ್ಬ ಇಂಜಿನಿಯರ್ ಫೋನಿನಲ್ಲಿ, 'ನೀರು ಹಾಕಿದರೆ ಯಾವ ವಯರಿಂಗ್ ಆದರೂ ಲೀಕ್ ತೋರಿಸುತ್ತೆ ಕಣ್ರೀ' ಅಂದ. ತೋರಿಸಬಾರದು. ಈ ಪ್ಯಾನೆಲ್, ಈ ಕನೆಕ್ಟರ್ ತಯಾರಾಗುವುದೇ ಮಳೆಯಲ್ಲಿ ನಿಲ್ಲುವುದಕ್ಕೆ. ಸೋಲಾರ್ ಟೆಸ್ಟಿಂಗಿನ ಅಂತರರಾಷ್ಟ್ರೀಯ ಮಾನದಂಡ ಐಇಸಿ 62446ರಲ್ಲೇ ಒದ್ದೆ ಇನ್ಸುಲೇಷನ್ ಟೆಸ್ಟ್ ಅಂತ ಒಂದಿದೆ, ಬೇಕಾದರೆ ಮಾಡಿ ಅನ್ನುವ ಪಟ್ಟಿಯಲ್ಲಿ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆ ಅದು ಬೇಡದಿರಬಹುದು. ನಾಪೋಕ್ಲು, ಭಾಗಮಂಡಲದ ಕಡೆ ಅದೊಂದೇ ಟೆಸ್ಟ್ ಮಾಡಿದರೂ ನಡೆಯುತ್ತದೆ ಅನ್ನುವುದು ನನ್ನ ಲೆಕ್ಕ.

ಒದ್ದೆ ಮಾಡುವುದರಲ್ಲೇ ಎಷ್ಟೋ ಸಮಯ ಹೋಯಿತು. ಮೊದಲು ಬಕೆಟ್. ನೀರು ಗಾಜಿನ ಮೇಲೆ ಜಾರಿ ಹೋಗುತ್ತದೆ, ಅಡಿಯ ಜಂಕ್ಷನ್ ಬಾಕ್ಸಿಗೆ ತಾಗುವುದೇ ಇಲ್ಲ. ಆಮೇಲೆ ತೋಟದ ಪಂಪಿನ ಪೈಪ್. ಅದರ ಒತ್ತಡಕ್ಕೆ ಮಳೆ ಎಂದೂ ಹೋಗದ ಸಂದಿಗೂ ನೀರು ನುಗ್ಗಿ ಒಳ್ಳೆಯ ಸ್ಟ್ರಿಂಗ್ (ಒಂದರ ಹಿಂದೆ ಒಂದು ಜೋಡಿಸಿದ ಪ್ಯಾನೆಲ್ ಸಾಲು) ಕೂಡ ಫೇಲ್ ಆಯಿತು. ಗಿರಾಕಿಗೆ ಸಮಾಧಾನ ಹೇಳಿ ಕೆಳಗಿಳಿಯುವಾಗ ಸಾಕುಸಾಕಾಗಿತ್ತು. ಕಡೆಗೆ ಕೆಲಸಕ್ಕೆ ಬಂದದ್ದು ಕಾಫಿಗೆ ಮೈಲುತುತ್ತ ಹೊಡೆಯುವ ಬೆನ್ನಿನ ಸ್ಪ್ರೇಯರ್. ನಾಝಲ್ ಸಣ್ಣ ಮಾಡಿದರೆ ಬೆಳಗಿನ ಮಂಜು ಕೂತ ಹಾಗೆ ಸಣ್ಣ ಹನಿ, ಅಡಿಯಿಂದಲೂ ಹೊಡೆಯಬಹುದು. ಮೈಲುತುತ್ತದ ಅಂಶ ಹೋಗುವಂತೆ ಎರಡು ಮೂರು ಸಲ ತೊಳೆಯಬೇಕು, ಇಲ್ಲದಿದ್ದರೆ ಆ ನೀರೇ ಕರೆಂಟ್ ಹರಿಸುತ್ತದೆ, ಅಲ್ಯೂಮಿನಿಯಂ ಫ್ರೇಮಿಗೂ ಒಳ್ಳೆಯದಲ್ಲ. ನೀರಿಗೆ ಒಂದು ಪದಾರ್ಥ ಚೂರು ಬೆರೆಸುತ್ತೇನೆ. ಎಲ್ಲರ ಅಡುಗೆಮನೆಯಲ್ಲೂ ಇದೆ. ಅದರ ಹೆಸರು ಬರೆದರೆ ನನ್ನ ಸಂಪಾದನೆ ಎಂತಾಗಬೇಕು, ಅದು ನನ್ನ ಹತ್ತಿರವೇ ಇರಲಿ.

ನಾಪೋಕ್ಲು ಹತ್ತಿರದ ಮನೆಯೊಂದರಲ್ಲಿ ಕಕ್ಕಡದ (ಜುಲೈ, ಆಗಸ್ಟ್ ಹೊತ್ತಿನ) ಮಳೆಯ ನಡುವೆ ನಾನು ಸ್ಪ್ರೇಯರ್ ಹೊತ್ತು ಏಣಿ ಹತ್ತಿದ್ದು ನೋಡಿ ಮನೆಯ ಹಿರಿಯರು, 'ಎಂತ ಮಾರಾಯ, ಈ ಮಳೆ ಸಾಲದು ಅಂತ ನೀನು ಬೇರೆ ಹೊಡೀತೀಯಾ?' ಅಂದರು. ಮಳೆ ಆಗಷ್ಟೇ ಬಿಟ್ಟಿತ್ತು ಅಂಕಲ್, ಅಡಿಭಾಗ ಒಣಗಿತ್ತು ಅಂತ ಆಮೇಲೆ ವಿವರಿಸಿದೆ. ಅವರದು 3 ಕಿಲೋವ್ಯಾಟ್ ಆನ್‌ಗ್ರಿಡ್ (ಕರೆಂಟ್ ಲೈನಿಗೇ ಜೋಡಿಸಿದ್ದು), 540 ವ್ಯಾಟ್‌ನ ಆರು ಪ್ಯಾನೆಲ್, ಒಂದೇ ಸ್ಟ್ರಿಂಗ್. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್‌ನಲ್ಲಿ 78,000 ಸಬ್ಸಿಡಿ ಬಂದಾಗಿತ್ತು. ಸಬ್ಸಿಡಿ ಖಾತೆಗೆ ಬಿದ್ದ ಮೇಲೆ ಕಂಪನಿಯವರ ಫೋನ್ ಎಷ್ಟು ಬೇಗ ನಾಟ್ ರೀಚಬಲ್ ಆಗುತ್ತದೆ ಅಂತ ನಿಮಗೂ ಗೊತ್ತಿರುತ್ತದೆ.

ಮೆಗ್ಗರ್ ನಾನು ಹಾಕುವುದು ಸೂರ್ಯ ಮುಳುಗಿದ ಮೇಲೆ. ಸೋಲಾರ್‌ಗೆಂದೇ ಬರುವ ಟೆಸ್ಟರ್‌ಗೆ ಲಕ್ಷದ ಹತ್ತಿರ ಹೇಳುತ್ತಾರೆ, ಅಷ್ಟು ಎಲ್ಲಿಂದ ತರಲಿ. ನನ್ನದು ಏಳೆಂಟು ಸಾವಿರದ ಮಾಮೂಲಿ ಡಿಜಿಟಲ್ ಮೆಗ್ಗರ್. ಹಗಲಿನಲ್ಲಿ ಸ್ಟ್ರಿಂಗ್‌ನಲ್ಲಿ 290 ವೋಲ್ಟ್ ಕೂತಿರುವಾಗ ಅದನ್ನು ಹಾಕಿದರೆ ರೀಡಿಂಗೂ ಸುಳ್ಳು, ಮೆಗ್ಗರೂ ಹೋಗುತ್ತದೆ. ಕತ್ತಲಾದ ಮೇಲೆ ವೋಲ್ಟೇಜ್ ಒಂದೆರಡಕ್ಕೆ ಇಳಿದದ್ದು ಮೀಟರಿನಲ್ಲಿ ನೋಡಿಕೊಂಡೇ ಪ್ಲಸ್ ಮೈನಸ್ ಸೇರಿಸಿ, ಅಲ್ಲಿಂದ ಅರ್ಥ್‌ಗೆ 500 ವೋಲ್ಟ್ ಕೊಡುತ್ತೇನೆ. ಇನ್ವರ್ಟರ್ ಬಿಚ್ಚುವುದು ಎಲ್ಲರಿಗೂ ನೆನಪಿರುತ್ತದೆ, ಎಸ್‌ಪಿಡಿ (ಸಿಡಿಲಿನ ಹೊಡೆತ ತಡೆಯುವ ಸಾಧನ) ಕಳಚುವುದು ಯಾರಿಗೂ ನೆನಪಿರುವುದಿಲ್ಲ. ಅದು ಲೈನಿನಲ್ಲಿದ್ದರೆ ಲೀಕ್ ತೋರಿಸುತ್ತದೆ, ನೀವು ಇಡೀ ಛಾವಣಿ ಹುಡುಕುತ್ತಾ ಕೂರುತ್ತೀರಿ.

ಆ ಮನೆಯಲ್ಲಿ ಒಣಗಿದ್ದಾಗ ಸುಮಾರು 40 ಮೆಗಾಓಮ್ ಬಂತು. ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟರೆ 0.3. ಈ ವೋಲ್ಟೇಜಿನ ಸ್ಟ್ರಿಂಗ್‌ಗೆ ಕನಿಷ್ಠ 1 ಇರಬೇಕು. ಒಳ್ಳೆಯ ಕೆಲಸವಾಗಿದ್ದರೆ ಒದ್ದೆಯಲ್ಲೂ 10ರ ಮೇಲೆ ನಿಲ್ಲುವುದು ನೋಡಿದ್ದೇನೆ.

ಜಾಗ ಹುಡುಕುವುದಕ್ಕೆ ಮೆಗ್ಗರ್ ಬೇಡ. ಮರುದಿನ ಬೆಳಿಗ್ಗೆ ಏಳರ ಹೊತ್ತಿಗೆ, ಮಂಜು ಇನ್ನೂ ಕೂತಿರುವಾಗ ಹೋಗಿ. ಬೆಳಕು ಕಡಿಮೆ ಇದ್ದರೂ ಸ್ಟ್ರಿಂಗ್‌ನಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಪೂರ್ತಿ ಬಂದಿರುತ್ತದೆ, ಬಾರದಿರುವುದು ಕರೆಂಟ್ ಮಾತ್ರ. ಡಿಸಿ ಐಸೋಲೇಟರ್ ಆಫ್ ಮಾಡಿ, ಗ್ಲೌಸ್ ಹಾಕಿ, ಪ್ಲಸ್‌ನಿಂದ ಅರ್ಥ್‌ಗೆ, ಮೈನಸ್‌ನಿಂದ ಅರ್ಥ್‌ಗೆ ಅಳೆಯಿರಿ. ಫಾಲ್ಟ್ ಇಲ್ಲದಿದ್ದರೆ ಎರಡೂ ಇಳಿದು ಸೊನ್ನೆಯ ಕಡೆ ಹೋಗುತ್ತವೆ. ಅಲ್ಲಿ ಪ್ಲಸ್ ಕಡೆ 190ರ ಆಸುಪಾಸು, ಮೈನಸ್ ಕಡೆ 97 ನಿಂತಿತು. ಒಂದು ಪ್ಯಾನೆಲ್‌ಗೆ 48 ಅಂದರೆ ಮೈನಸ್‌ನಿಂದ ಎರಡು ಪ್ಯಾನೆಲ್ ದಾಟಿದ ಜಾಯಿಂಟ್. ಅಡಿಗೆ ಟಾರ್ಚ್ ಬಿಟ್ಟು ನೋಡಿದರೆ ಪ್ಯಾನೆಲ್ ವಯರ್ ಜೋಡಿಸುವ ಎಂಸಿ4 ಕನೆಕ್ಟರ್ ಛಾವಣಿ ಶೀಟಿನ ತಗ್ಗಿನಲ್ಲಿ, ಎಲೆ ಕೊಳೆತ ನೀರಿನಲ್ಲಿ ಮಲಗಿತ್ತು. ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದು ಕಂಪನಿಯದು. ವಯರ್ ಕಟ್ಟಿದ್ದ ಬಿಳಿ ಪ್ಲಾಸ್ಟಿಕ್ ಟ್ಯಾಗ್ ಬಿಸಿಲಿಗೆ ಪುಡಿಯಾಗಿ ಬಿದ್ದಿತ್ತು.

ರಿಪೇರಿಗೆ ಹೋದ ದುಡ್ಡು ಹೇಳಿದರೆ ನಗು ಬರುತ್ತದೆ. ಒಳ್ಳೆಯ ಕನೆಕ್ಟರ್ ಜೋಡಿಗೆ ನೂರರ ಒಳಗೆ, ಎಲ್ಲ ಜಾಯಿಂಟ್ ಬದಲಾಯಿಸಿದರೂ ಐನೂರು ಆರುನೂರು. ಟ್ಯಾಗ್ ಬದಲು ರಬ್ಬರ್ ಹೊದಿಕೆಯ ಸ್ಟೀಲ್ ಕ್ಲಿಪ್. ಇದಕ್ಕಾಗಿ ಆ ಮನೆಯವರು ಎರಡು ಮಳೆಗಾಲ ಬೆಳಗಿನ ಯೂನಿಟ್ ಕಳೆದುಕೊಂಡಿದ್ದರು. ಜುಲೈನಲ್ಲಿ ಅಲ್ಲಿ 3 ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕೈದು ಯೂನಿಟ್ ಬಂದರೆ ದೊಡ್ಡದು, ಅದರಲ್ಲೂ ಅರ್ಧ ಹೋದರೆ ಉಳಿಯುವುದೆಷ್ಟು. ರಿಪೇರಿಯ ಮೇಲೆ ಕೆಂಪು ದೀಪ ಬಂದಿಲ್ಲ. ಫೋನಿನಲ್ಲಿ ನಕ್ಕಿದ್ದ ಇಂಜಿನಿಯರ್ ಈಗ ತನ್ನ ಹುಡುಗರನ್ನೇ ನನ್ನ ಹತ್ತಿರ ಕಳಿಸುತ್ತಾನೆ. ಸ್ಪ್ರೇಯರ್ ಕೊಡುತ್ತೇನೆ, ಪುಡಿಯೋ ದ್ರವವೋ ಅಂತಲೂ ಹೇಳುವುದಿಲ್ಲ.

ಅರ್ಥಿಂಗ್ ವಿಷಯದಲ್ಲಿ ಇದು ಪೂರ್ತಿ ತಿರುಗುಮುರುಗು. ಮಳೆಗಾಲದಲ್ಲಿ ನಮ್ಮ ಮಣ್ಣಿಗೆ ಕಬ್ಬಿಣದ ಸರಳು ಚುಚ್ಚಿದರೂ 2, 3 ಓಮ್ ಬರುತ್ತದೆ (ಇಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು), ಎಲ್ಲ ಗುತ್ತಿಗೆದಾರರೂ ಪಾಸ್. ಅದೇ ಅರ್ಥ್ ಗುಂಡಿಯನ್ನು ಫೆಬ್ರವರಿ ಕೊನೆಗೆ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಅಳೆದರೆ ಸೋಮವಾರಪೇಟೆ ಕಡೆಯ ಒಂದು ಬರೆಯ (ಗುಡ್ಡದ ಇಳಿಜಾರಿನ) ಮೇಲಿನ ಮನೆಯಲ್ಲಿ 20 ದಾಟಿತ್ತು. ಸಿಡಿಲು ಬರುವುದು ಆ ಹೂಮಳೆಯ ಜೊತೆಗೇ, ಏಪ್ರಿಲ್, ಮೇ ಗುಡುಗಿನಲ್ಲಿ. ಹಾಗಾಗಿ ಇನ್ಸುಲೇಷನ್‌ಗೆ ಮಳೆ, ಅರ್ಥ್‌ಗೆ ಬೇಸಿಗೆ, ಎರಡು ಸಲ ಬರುತ್ತೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಆ ಬರೆ ಮನೆಯಲ್ಲಿ ಗುಂಡಿಯನ್ನು ಸ್ನಾನದ ನೀರು ಹರಿಯುವ ಕಡೆಗೆ ಸ್ಥಳಾಂತರಿಸಿದೆವು, ಈಗ ಬೇಸಿಗೆಯಲ್ಲೂ 4ರ ಸುತ್ತ ಇದೆ.

ಮಧ್ಯೆ ಪಾಚಿಯ ಪ್ರಯೋಗವೂ ಆಯಿತು. ಶೀಟಿನ ಇಳಿಜಾರಿಗೇ ಅಂಟಿಸಿ ಐದಾರು ಡಿಗ್ರಿಗೆ ಕೂರಿಸಿದ ಪ್ಯಾನೆಲ್‌ಗಳಲ್ಲಿ ಕೆಳಗಿನ ಫ್ರೇಮಿಗೆ ನೀರು ನಿಂತು ಹಸಿರು ಗೆರೆ ಕಟ್ಟುತ್ತದೆ. ಬೆರಳಗಲದ ಗೆರೆ ತಾನೇ ಅನ್ನಬೇಡಿ, ಅದು ಕೆಳಸಾಲಿನ ಸೆಲ್‌ಗಳನ್ನು ಮುಚ್ಚಿದರೆ ಆ ಭಾಗದ ಉತ್ಪಾದನೆಯೇ ಕುಸಿಯುತ್ತದೆ. ನನ್ನ ಮನೆಯ ಮೇಲೆ ಅರ್ಧ ಪ್ಯಾನೆಲ್‌ಗಳಿಗೆ ನೀರಿಳಿಯುವ ಪ್ಲಾಸ್ಟಿಕ್ ಕ್ಲಿಪ್ ಹಾಕಿದೆ, ಅರ್ಧವನ್ನು ಹದಿನೈದು ಡಿಗ್ರಿಗೆ ಎತ್ತಿದೆ. ಕ್ಲಿಪ್‌ಗಳಲ್ಲಿ ಸಿಲ್ವರ್ ಓಕ್ ಎಲೆ ಸಿಕ್ಕಿ ಇನ್ನೂ ಕೊಳೆ ಆಯಿತು. ಎತ್ತಿದ ಪ್ಯಾನೆಲ್‌ಗಳನ್ನು ಒಂದು ಮಳೆಗಾಲ ಪೂರ್ತಿ ಮುಟ್ಟಬೇಕಾಗಿ ಬರಲಿಲ್ಲ. ಎತ್ತುವುದಕ್ಕೆ ಕಾಲು ಬೇಕು, ಜಿಐ (ಸತು ಲೇಪದ ಕಬ್ಬಿಣ) ಕಾಲಿಗೆ ಪ್ಯಾನೆಲ್‌ಗೆ ನಾನೂರು ಐನೂರು ಬೇಕು, ಗಾಳಿಗೆ ತಡೆಯುವ ಬೋಲ್ಟ್ ಬೇರೆ. ಕಂಪನಿಯವರು ಉಳಿಸುವುದೇ ಅಲ್ಲಿ. ನೆರಳಿನ ಮಾತು ಎತ್ತುವುದಿಲ್ಲ. ಮರ ಕಪಾತು ಮಾಡಿಸದೆ ಸೋಲಾರ್ ಹಾಕಿಸಿಕೊಂಡವರಿಗೆ ನಾನು ಹೇಳಿದರೂ ಅರ್ಥವಾಗುವುದಿಲ್ಲ, ಆ ಮರದಲ್ಲಿ ಮೆಣಸಿನ ಬಳ್ಳಿ ಇದ್ದರಂತೂ ಮುಗಿಯಿತು.

ಇನ್ನೊಂದು ಅಳತೆ ಕಡ್ಡಾಯ ಮಾಡಿಕೊಂಡಿದ್ದೇನೆ. ತೋಟದ ಮನೆಗಳಲ್ಲಿ ಮೀಟರ್ ಬೋರ್ಡ್ ಗೇಟಿನ ಹತ್ತಿರ, ಇನ್ವರ್ಟರ್ ಮನೆಯಲ್ಲಿ, ನಡುವೆ 80 ಮೀಟರ್ 4 ಸ್ಕ್ವೇರ್ ಎಂಎಂ ತಾಮ್ರದ ವಯರ್. ಬಿಸಿಲಿನಲ್ಲಿ 13 ಆಂಪಿಯರ್ ಹೊರಗೆ ಹೋಗುವಾಗ ಆ ವಯರಿನಲ್ಲೇ 10 ವೋಲ್ಟ್ ಏರುತ್ತದೆ. ಚೆಸ್ಕಾಂ (ನಮ್ಮ ಕಡೆಯ ಕರೆಂಟ್ ಕಂಪನಿ) ಲೈನಿನಲ್ಲಿ ಆ ಹೊತ್ತಿಗೆ 245 ಇದ್ದರೆ ಇನ್ವರ್ಟರ್ ನೋಡುವುದು 255, ಹೈ ವೋಲ್ಟೇಜ್ ಅಂತ ಟ್ರಿಪ್. ಜನ ಲೈನ್‌ಮನ್‌ಗೆ ಬೈಯುತ್ತಾರೆ. ಇನ್ವರ್ಟರ್ ಆಫ್ ಇದ್ದಾಗ ಒಂದು ರೀಡಿಂಗ್, ಪೂರ್ತಿ ಓಡುವಾಗ ಒಂದು ರೀಡಿಂಗ್, ಇಷ್ಟೇ ಕೆಲಸ. 10 ಸ್ಕ್ವೇರ್ ಎಂಎಂಗೆ ಬದಲಾಯಿಸಿದರೆ ಏರಿಕೆ ನಾಲ್ಕರ ಒಳಗೆ ಬರುತ್ತದೆ, ವಯರ್ ಖರ್ಚು ಮಾತ್ರ ಹತ್ತು ಹದಿನೈದು ಸಾವಿರ ದಾಟುತ್ತದೆ. ಅದನ್ನು ಹಾಕಿಸುವ ಮೊದಲು ಕೇಳಿದರೆ ಕಂಪನಿಯ ಲೆಕ್ಕದಲ್ಲಿ ಹೋಗುತ್ತದೆ, ಆಮೇಲೆ ಕೇಳಿದರೆ ನಿಮ್ಮ ಲೆಕ್ಕದಲ್ಲಿ.

ಒಂದು ಮನೆಗೆ, ಎರಡು ಋತುವಿನ ಭೇಟಿ ಸೇರಿ, ನಾನು 2,500 ತೆಗೆದುಕೊಳ್ಳುತ್ತೇನೆ. ವಿರಾಜಪೇಟೆ ದಾಟಿದರೆ ಪೆಟ್ರೋಲ್ ಬೇರೆ. ಏಣಿ ಮನೆಯವರದೇ ಇರಬೇಕು, ಬಿದಿರಿನದು ಅಥವಾ ಮರದ್ದು. ಅಲ್ಯೂಮಿನಿಯಂ ಏಣಿ ಇಟ್ಟರೆ ನಾನು ಹತ್ತುವುದಿಲ್ಲ.