ಪ್ರೊಜೆಕ್ಟರ್ ತಂದವರು ಮೊದಲು ‘ವಿವಿಡ್’ ಮೋಡ್ ಬಿಡಿ

ಮುಂಬೈ ಕಡೆಯ ಡೊಂಬಿವಲಿ, ಮುಲುಂಡ್ ಗೆಳೆಯರು ಪ್ರೊಜೆಕ್ಟರ್ ಚಿತ್ರ ಬಿಳಿಚಿಕೊಂಡಿದೆ ಅಂತ ಕೇಳ್ತಾನೇ ಇದ್ದೀರಿ. ಸೆಟ್ಟಿಂಗ್ ಮುಟ್ಟೋ ಮೊದಲು ಕರ್ಟನ್ ಎಳೆದು ಲೈಟ್ ಆರಿಸಿ. ನಮ್ಮ ಫ್ಲ್ಯಾಟುಗಳಲ್ಲಿ ಎದುರು ಬಿಲ್ಡಿಂಗಿನ ಬೆಳಕೇ ಅರ್ಧ ಕಪ್ಪು ತಿಂದುಹಾಕುತ್ತೆ. ಒಳಗೆ ಬಲ್ಬ್ ಉರಿಯೋ ಲ್ಯಾಂಪ್ ಮಾಡೆಲ್ ಆದರೆ ಬಿಸಿಯಾಗೋಕೆ ಅರ್ಧ ಗಂಟೆ ಓಡಲಿ. ಆಮೇಲೆ ಬಣ್ಣ ಉಕ್ಕಿಸೋ ‘ವಿವಿಡ್’ ಬಿಟ್ಟು ಸಿನಿಮಾ ಮೋಡ್, ಕಲರ್ ಟೆಂಪರೇಚರ್ (ಬಿಳಿಯ ಛಾಯೆ) 6500 ಕೆಲ್ವಿನ್ ಅಥವಾ ವಾರ್ಮ್. ಮೊದಮೊದಲು ಹಳದಿ ಅನಿಸುತ್ತೆ, ಕಣ್ಣು ಒಗ್ಗುತ್ತೆ ಬಿಡಿ.

ಎಲ್ಲರೂ ಎಡವೋದು ಬ್ರೈಟ್‌ನೆಸ್‌ನಲ್ಲಿ. ಅದು ಹಿಡಿಯೋದು ಕಪ್ಪಿನ ಮಟ್ಟವನ್ನ. ರಾತ್ರಿ ದೃಶ್ಯವೊಂದನ್ನು ನಿಲ್ಲಿಸಿ, ಕರಿ ಕೋಟಿನ ಮಡಿಕೆ ಕಾಣೋವರೆಗೆ ಏರಿಸಿ. ಕೋಟೇ ಬೂದು ಬಣ್ಣಕ್ಕೆ ತಿರುಗಿದರೆ ಚೂರು ಇಳಿಸಿ. ಬಿಳಿ ಅಂಗಿಯ ಗುಂಡಿ ಮಾಯವಾದರೆ ಕಾಂಟ್ರಾಸ್ಟ್ ತಗ್ಗಿಸಿ. ಸಬ್‌ಟೈಟಲ್ ಅಕ್ಷರಗಳ ಸುತ್ತ ಅಂಚುಗೆರೆ ಕಂಡರೆ ಶಾರ್ಪ್‌ನೆಸ್ ಜಾಸ್ತಿಯಾಗಿದೆ ಅಂತ. ಓರೆಯಾದ ಚಿತ್ರವನ್ನು ನೇರ ಮಾಡೋ ಕೀಸ್ಟೋನ್ ಸೆಟ್ಟಿಂಗನ್ನು ಸೊನ್ನೆಗೆ ತಂದು, ಪ್ರೊಜೆಕ್ಟರನ್ನೇ ನೆಟ್ಟಗೆ ಇಡಿ.