ಕಂಪ್ಯೂಟರ್ ಅಂಗಡಿಗೆ ಹೋಗುವ ಮುಂಚೆ ಮನೆಯ ಗೋಡೆ ನೋಡಿ

ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ 14 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಬೆಳಗ್ಗೆ ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆದರೆ ಸಂಜೆಗೇ ಮುಚ್ಚುವುದು. ಒಂದು ಸಲ ಹತ್ತಿ ಸೀಸನ್ ಜೋರಿದ್ದಾಗ ನನ್ನ ಕಂಪ್ಯೂಟರ್ ತನ್ನಷ್ಟಕ್ಕೆ ಆಫ್ ಆಗತೊಡಗಿತು. ರಿಪೇರಿ ಹುಡುಗ ಬಂದು ಡಬ್ಬಿ ಬಿಚ್ಚಿದ. ಫ್ಯಾನಿನ ಸುತ್ತ ಅರಳೆ ಮೆತ್ತಿಕೊಂಡು ಕೂತಿತ್ತು, ತೆಗೆದು ಗುಡ್ಡೆ ಹಾಕಿದರೆ ಕೂಸಿನ ತಲೆದಿಂಬಿಗೆ ಸಾಕಾಗುವಷ್ಟು. “ಅಕ್ಕಾರ, ಮಷಿನ್ ಚಲೋನೇ ಐತ್ರಿ. ಅದಕ್ಕ ಉಸುರಾಡಾಕ ಜಾಗ ಇಲ್ಲ, ಅಷ್ಟ” ಅಂದ.

ಮನೆಗೊಂದು ಡೆಸ್ಕ್‌ಟಾಪ್ ಬೇಕೆಂದಾಗ ನನಗೆ ಮೊದಲು ನೆನಪಾದದ್ದು ಆ ಮಾತು. ಹಾಗಾಗಿ ನಾನು ಅಂಗಡಿಗೆ ಹೋಗುವ ಮೊದಲು ಮನೆಯೊಳಗೇ ಒಂದು ಸುತ್ತು ಹಾಕಿದೆ.

ನಮ್ಮದು ಪಡುವಣಕ್ಕೆ ಕಿಟಕಿ ಇರುವ ಮನೆ. ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಆ ಗೋಡೆಗೆ ಕೈ ಇಟ್ಟರೆ ತವಾ ಮುಟ್ಟಿದ ಹಾಗೆ. ಆ ಬದಿ ಬೇಡವೆಂದು ಹಾಲಿನ ಒಳಗೋಡೆ ಹಿಡಿದೆ. ಕ್ಯಾಬಿನೆಟ್ಟಿನ (ಕಂಪ್ಯೂಟರಿನ ಭಾಗಗಳೆಲ್ಲ ಕೂರುವ ಡಬ್ಬಿಯ) ಹಿಂದೆ ಒಂದು ಗೇಣು ಜಾಗ ಬಿಡಬೇಕು. ಫರಸಿ ನೆಲದ ಮೇಲೆ ಇಟ್ಟರೆ ಕಸ ಗುಡಿಸಿದಾಗಲೆಲ್ಲ ಧೂಳು ನೇರ ಅದರ ಬಾಯಿಗೇ, ಆದ್ದರಿಂದ ಒಂದು ಸ್ಟೂಲು. ಬಾಗಿಲು ಮುಚ್ಚುವ ಕಂಪ್ಯೂಟರ್ ಟೇಬಲ್ ಸಿಗುತ್ತದಲ್ಲ, ಚಂದ ಕಾಣುತ್ತದೆ, ಕೊಳ್ಳಬೇಡಿ. ಒಳಗಿನ ಬಿಸಿ ಒಳಗೇ ಸುತ್ತುತ್ತದೆ.

ಆಮೇಲೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಆ ಗೋಡೆಯ ಮೂರು ಪಿನ್ನಿನ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ನೋಡಿಸಿದೆ. ಇರಲಿಲ್ಲ. ತೂತು ಮೂರಿತ್ತು, ತಂತಿ ಎರಡೇ. ಅದನ್ನು ಸರಿಮಾಡಿಸಿದ ರೊಕ್ಕವನ್ನೂ ನಾನು ಕಂಪ್ಯೂಟರಿನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ಇನ್ನು ಯುಪಿಎಸ್, ಅಂದರೆ ಕರೆಂಟು ಹೋದಾಗ ಕಂಪ್ಯೂಟರ್ ಆರದಂತೆ ಕಾಯುವ ಬ್ಯಾಟರಿ ಡಬ್ಬಿ. ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವೇ ಇದೆ, ಆದರೂ ಮುಂಗಾರಿನ ಮೊದಲ ಗಾಳಿಗೆ ನಮ್ಮ ಓಣಿಯಲ್ಲಿ ಕರೆಂಟು ಹೋಗದ ವರ್ಷವಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಅಂತ ನನ್ನ ಗಂಡ ಕೇಳಿದರು. ಇನ್ವರ್ಟರ್ ಬದಲಾಗಲು ಹಿಡಿಯುವ ಆ ಅರೆಗಳಿಗೆಯಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ, ಬರೆದದ್ದು ಹೋಗುತ್ತದೆ. ಕೆಲವು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇರುತ್ತದೆ, ಇದ್ದರೆ ಅದಕ್ಕೆ ಹಾಕಿ ಪರೀಕ್ಷಿಸಿ ನೋಡಿ. ನಮ್ಮದರಲ್ಲಿ ಇರಲಿಲ್ಲ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವಾಟ್, ಮನೆಯ ಕಂಪ್ಯೂಟರಿಗೂ ಮಾನಿಟರಿಗೂ ಧಾರಾಳ. ಕೆಲಸ ಸೇವ್ ಮಾಡಿ ಬಂದ್ ಮಾಡಲು ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಜೋಡಿಸಬೇಡಿ, ಬಿಸಿಯಾಗುವಾಗ ಅದು ಒಮ್ಮೆಲೇ ಬಹಳ ಕರೆಂಟು ಎಳೆಯುತ್ತದೆ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸುವ ವಸ್ತು, ಅದು ಗೊತ್ತಿರಲಿ.

ಕರೆಂಟಿನ ಬಿಲ್ಲಿಗೆ ಹೆದರುವವರಿಗೆ ಲೆಕ್ಕ ಹೇಳುತ್ತೇನೆ, ನನ್ನ ಕಸುಬೇ ಅದು. 80 ವಾಟ್ ಎಳೆಯುವ ಕಂಪ್ಯೂಟರ್ ದಿನಕ್ಕೆ 4 ತಾಸಿನಂತೆ 30 ದಿನ ನಡೆದರೆ 9.6 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ಟಿನ ಅಂಚಿಗೇ ನೀವಿದ್ದರೆ ಮಾತ್ರ ಇದು ತಟ್ಟುತ್ತದೆ.

ಈಗ ಅಂಗಡಿಗೆ ಹೋಗೋಣ. ಕೂತ ಕೂಡಲೇ ಕೇಳುತ್ತಾರೆ: “ಬಜೆಟ್ ಎಷ್ಟ್ರಿ ಅಕ್ಕಾರ? ಅದ್ರಾಗ ಕುಂದ್ರಿಸಿ ಕೊಡ್ತೀನಿ.” ಹೇಳಬೇಡಿ. ಹೇಳಿದಿರೋ, ನಿಮ್ಮ ರೊಕ್ಕಕ್ಕೆ ತಕ್ಕ ಡಬ್ಬಿ ಬರುತ್ತದೆ, ನಿಮ್ಮ ಕೆಲಸಕ್ಕೆ ತಕ್ಕದ್ದು ಬರುವುದಿಲ್ಲ. ನಾನು ಒಂದು ಚೀಟಿ ಒಯ್ದಿದ್ದೆ. ಮಗಳು ಪಿಯುಸಿ, ಆನ್‌ಲೈನ್ ಕ್ಲಾಸು. ಗಂಡ ಶಾಲೆಯ ಮಾಸ್ತರು, ಕನ್ನಡದಲ್ಲಿ ಟೈಪಿಂಗು. ನನಗೆ ಮಾರ್ಚ್ ತಿಂಗಳಲ್ಲಿ ಟ್ಯಾಲಿ, ಎಕ್ಸೆಲ್. ಅತ್ತೆಗೆ ಯೂಟ್ಯೂಬಿನಲ್ಲಿ ಪ್ರವಚನ. ಗೇಮ್ ಇಲ್ಲ, ವಿಡಿಯೋ ಎಡಿಟಿಂಗ್ ಇಲ್ಲ. ಈ ಕೊನೆಯ ಸಾಲೇ ತೆರೆಯ ಮೇಲೆ ಚಿತ್ರ ಮೂಡಿಸುವ ಬೇರೆ ಗ್ರಾಫಿಕ್ಸ್ ಕಾರ್ಡಿನ ಖರ್ಚು ಉಳಿಸಿತು.

ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ವಿಷಯದಲ್ಲಿ ನಾವು ಒಮ್ಮೆ ಮೋಸ ಹೋದವರು. 2024ರಲ್ಲಿ ನನ್ನ ಮೈದುನ ಹೈದರಾಬಾದಿನಿಂದ “ಐ7 ವೈನಿ, ಐ7!” ಅನ್ನುತ್ತಾ 14,000ಕ್ಕೆ ಹಳೆಯದೊಂದು ಮಷಿನ್ ತಂದ. ಐ3ಗಿಂತ ಐ7 ಮೇಲಿನ ದರ್ಜೆ, ಸ್ಟಿಕ್ಕರೂ ಸುಳ್ಳಲ್ಲ. ಆದರೆ ಒಳಗಿದ್ದದ್ದು ಐ7-3770, 2012ರ ಸರಕು. ಗೆರೆಯ ನಂತರದ ಮೊದಲ ಒಂದೋ ಎರಡೋ ಅಂಕಿಯೇ ತಲೆಮಾರು: 3770 ಮೂರನೆಯದು, 8500 ಎಂಟನೆಯದು, 12100 ಹನ್ನೆರಡನೆಯದು. ವಿಂಡೋಸ್ 11 ನಡೆಯಲು ಇವನ್ನು ಮಾಡುವ ಇಂಟೆಲ್ ಕಂಪನಿಯದರಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಇರಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸೋನಾ ಮಸೂರಿ ಹಳತಾದಷ್ಟೂ ಅನ್ನ ಉದುರುದುರು, ಬೆಲೆಯೂ ಹೆಚ್ಚು. ಪ್ರೊಸೆಸರಿಗೆ ಆ ಭಾಗ್ಯವಿಲ್ಲ. ಇವತ್ತಿನ ಐ3 ಅವತ್ತಿನ ಐ7ಗಿಂತ ಚುರುಕು. ಮೈದುನನ ಮಷಿನ್ ಈಗ ಮಾಳಿಗೆಯ ಕೋಣೆಯಲ್ಲಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಉಬುಂಟು ಹಾಕಿಸಿಕೊಂಡು ಹಾಡು ಹೇಳುತ್ತಿದೆ, ಅಷ್ಟಕ್ಕೆ ಅಡ್ಡಿಯಿಲ್ಲ.

ಇನ್ನೊಂದು ಎಚ್ಚರ. ಇಂಟೆಲ್ ಹೆಸರಿನ ಕೊನೆಗೆ ಎಫ್ ಅಕ್ಷರವಿದ್ದರೆ (12100ಎಫ್ ಅನ್ನುವ ಹಾಗೆ) ಅದರೊಳಗೆ ಗ್ರಾಫಿಕ್ಸ್ ಇಲ್ಲ. ಒಂದಿಷ್ಟು ಅಗ್ಗ ಅಂತ ತಂದರೆ ಮಾನಿಟರಿನಲ್ಲಿ ಕತ್ತಲೆ, ಬೇರೆ ಕಾರ್ಡ್ ಕೊಳ್ಳಲೇಬೇಕು. ಇನ್ನೊಂದು ಕಂಪನಿ ಎಎಂಡಿಯಲ್ಲಿ ಉಲ್ಟಾ: 5600ಜಿ ಅಂದರೆ ಗ್ರಾಫಿಕ್ಸ್ ಇದೆ, ಬರೀ 5600ಕ್ಕೆ ಇಲ್ಲ.

ನಾವು ಐ3-12100 ತೆಗೆದುಕೊಂಡೆವು. ರ‍್ಯಾಮ್ (ನಡೆಯುತ್ತಿರುವ ಕೆಲಸಕ್ಕೆ ಬೇಕಾದ ನೆನಪು) 8 ಜಿಬಿಯ ಎರಡು ಪಟ್ಟಿ, ಒಟ್ಟು 16. ಫೈಲು ಇಡುವ ಡಿಸ್ಕ್, ತಿರುಗುವ ತಟ್ಟೆಯಿಲ್ಲದ ಚುರುಕಾದ 512 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ. ಅಂಗಡಿಯವ “1 ಟಿಬಿ ಹಾರ್ಡ್‌ಡಿಸ್ಕ್ ಅದೇ ರೇಟಿಗೆ ಬರ್ತೈತ್ರಿ” ಎಂದು ಎಳೆದ. ಬೇಡ ಅಂದೆ. ಆನ್ ಮಾಡಿ ಚಾ ಕುಡಿದು ಬಂದರೂ ಗಿರ್ರ್ ಅನ್ನುತ್ತಲೇ ಇರುವ ಹಾರ್ಡ್‌ಡಿಸ್ಕಿನ ಜೊತೆ ಮಿಲ್ಲಿನಲ್ಲಿ ಸಂಸಾರ ಮಾಡಿದ್ದೇನೆ, ಮನೆಯಲ್ಲೂ ಬೇಡ. ರೊಕ್ಕ ಕಡಿಮೆ ಬಿದ್ದರೆ ರ‍್ಯಾಮ್ 8ಕ್ಕೆ ಇಳಿಸಿ ಒಂದು ಸ್ಲಾಟ್ ಖಾಲಿ ಬಿಡಿ, ಎಸ್‌ಎಸ್‌ಡಿ ಮಾತ್ರ ಬಿಡಬೇಡಿ.

ಜನ ಜಿಪುಣತನ ಮಾಡುವುದು ಎಸ್‌ಎಂಪಿಎಸ್ ಮೇಲೆ. ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬಿ ಅದು, ಹೊರಗೆ ಕಾಣುವುದಿಲ್ಲವಲ್ಲ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವುದನ್ನು ಪಕ್ಕಕ್ಕಿಡಿಸಿ, ಕರೆಂಟು ಕಡಿಮೆ ಪೋಲು ಮಾಡುವುದಕ್ಕೆ ಕೊಡುವ 80 ಪ್ಲಸ್ ಗುರುತಿನ 450 ವಾಟ್‌ನದು ಹಾಕಿಸಿದೆ. ವೋಲ್ಟೇಜ್ ಕುಣಿದಾಗ ಮೊದಲ ಏಟು ಅದಕ್ಕೇ. ಅಗ್ಗದ್ದು ತಾನು ಹೋಗುವಾಗ ಎಲ್ಲ ಭಾಗಗಳನ್ನು ಜೋಡಿಸುವ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಕ್ಯಾಬಿನೆಟ್ಟಿಗೆ ಬಣ್ಣದ ಲೈಟಿಗಿಂತ ಮುಂದೆ ಬಿಚ್ಚಿ ತೊಳೆಯಬಹುದಾದ ಜಾಲರಿ ಇರಲಿ.

ಮಾನಿಟರ್ 22 ಇಂಚು, ಐಪಿಎಸ್, ಫುಲ್ ಎಚ್‌ಡಿ. ಐಪಿಎಸ್ ತೆರೆಯಾದ್ದರಿಂದ ಪಕ್ಕಕ್ಕೆ ಕೂತ ಅತ್ತೆಗೂ ಬಣ್ಣ ಕೆಡದೆ ಕಾಣುತ್ತದೆ.

ಲ್ಯಾಪ್‌ಟಾಪ್ ನೋಡಿದ ಕಣ್ಣಿಗೆ ಮರೆತುಹೋಗುವ ಸಾಮಾನು ಕೆಲವಿವೆ. ಡೆಸ್ಕ್‌ಟಾಪಿಗೆ ಕ್ಯಾಮೆರಾ, ಮೈಕು ಇರುವುದಿಲ್ಲ, ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ವೈಫೈ ಕೂಡ ಇಲ್ಲ. ಮಗಳ ಕ್ಲಾಸಿನ ಹಿಂದಿನ ರಾತ್ರಿ ನಮಗೆ ಇದು ಹೊಳೆದು, ಅಂಗಡಿಯವ ಶಟರ್ ಎಳೆಯುವ ಹೊತ್ತಿಗೆ ಅಂಗಡಿಯಿರುವ ತೀನ್ ಕಂದೀಲ್ ಕಡೆ ಗಾಡಿ ಓಡಿಸಿದ್ದಾಯಿತು. ಕನ್ನಡಕ್ಕೆ ವಿಂಡೋಸಿನಲ್ಲೇ ಕೀಲಿಮಣೆ ಇದೆ, ಆದರೆ ಮಾಸ್ತರ ಹಳೆಯ ಫೈಲುಗಳೆಲ್ಲ ಈಗ ಎಲ್ಲ ಕಂಪ್ಯೂಟರೂ ಓದುವ ಯುನಿಕೋಡ್‌ಗೆ ಮುಂಚಿನ ‘ನುಡಿ’ ಎಂಬ ಫಾಂಟಿನವು. ಆ ಫಾಂಟು ಇಲ್ಲದಿದ್ದರೆ ಪ್ರಶ್ನೆಪತ್ರಿಕೆ ಮಂತ್ರವಾದಿಯ ಯಂತ್ರದಂತೆ ಕಾಣುತ್ತದೆ. ನುಡಿ ತಂತ್ರಾಂಶ ಉಚಿತ, ಮೊದಲ ದಿನವೇ ಹಾಕಿಸಿ.

ಜೋಡಿಸಿದ ಮೇಲೆ ಅಂಗಡಿಯಲ್ಲೇ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಎಲ್ಲವೂ ತಮ್ಮ ಹೆಸರು ಹೇಳುತ್ತವೆ. ಚೀಟಿಗೆ ತಾಳೆ ನೋಡಿ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಆ್ಯಕ್ಟಿವೇಶನ್ ಆಗಿದೆಯೇ ನೋಡಿ. “ಎಲ್ಲಾರೂ ಹಿಂಗ ಹಾಕಿಸ್ಕೊಂತಾರ್ರಿ” ಅಂದರೆ ಅದು ಕದ್ದ ಮಾಲು ಎಂದರ್ಥ. ಲೈಸೆನ್ಸ್ ಕೊಳ್ಳಿ, ಇಲ್ಲವೇ ಉಬುಂಟು ಹಾಕಿಸಿ. ಬಿಲ್ಲು 18 ಪರ್ಸೆಂಟ್ ಜಿಎಸ್‌ಟಿ ಸಮೇತ ಇರಬೇಕು, ಪ್ರತಿ ಭಾಗದ ಸೀರಿಯಲ್ ನಂಬರ್ ಅದರಲ್ಲಿ ಬರೆಸಿ. ಅಸೆಂಬಲ್ ಮಾಡಿಸಿದ್ದಕ್ಕೆ ಒಂದೊಂದು ಭಾಗಕ್ಕೆ ಒಂದೊಂದು ಅವಧಿಯ ವಾರಂಟಿ.

2025ರ ಆಗಸ್ಟ್‌ನಲ್ಲಿ ನಮಗೆ ಯುಪಿಎಸ್, ಕ್ಯಾಮೆರಾ, ವಿಂಡೋಸ್ ಎಲ್ಲ ಸೇರಿ 46,800 ಬಿತ್ತು. ಆಮೇಲೆ ರ‍್ಯಾಮಿನ ಬೆಲೆ ಏರಿದೆ, ನನ್ನ ಬಿಲ್ಲು ಹಿಡಿದು ಚೌಕಾಸಿಗೆ ಹೋಗಬೇಡಿ.

ಅಮಾವಾಸ್ಯೆ ದಿನ ನನ್ನ ಗಂಡ ಬೈಕು ತೊಳೆದು ನಿಂಬೆಹಣ್ಣು ಕಟ್ಟುತ್ತಾರೆ. ನಾನು ಅದೇ ಹೊತ್ತಿಗೆ ಕಂಪ್ಯೂಟರಿನ ಪ್ಲಗ್ ತೆಗೆದು, ಜಾಲರಿ ಬಿಚ್ಚಿ ತೊಳೆದು ಒಣಗಲು ಇಡುತ್ತೇನೆ, ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದು ಪೇಂಟ್ ಬ್ರಶ್ಶಿನಿಂದ ಧೂಳು ಕೆಡವುತ್ತೇನೆ. ಅತ್ತೆ ಬಂದು ಅದಕ್ಕೂ ಒಂದು ಕುಂಕುಮದ ಬೊಟ್ಟು ಇಡುತ್ತಾರೆ. ಪವರ್ ಬಟನ್ನಿನ ಮೇಲೆ ಇಡಬೇಡಿ ಅಂತ ಪ್ರತಿ ತಿಂಗಳೂ ಹೇಳಬೇಕಾಗುತ್ತದೆ.