ಹಳೇ ಟಿವಿ ಗೇಮಿಗೆ ಎವಿ ಔಟ್: ತಗಡಿನ ಡಬ್ಬಿ ಬಿಟ್ಟು ಚಿಪ್ಪಿನಿಂದಲೇ ಚಿತ್ರ

ದಾವಣಗೆರೆಯ ಗುಜರಿಗಳಲ್ಲಿ, ಮನೆಗಳ ಅಟ್ಟದ ಮೇಲೆ ಈಗಲೂ ಸಿಗುವ ಕ್ಯಾಸೆಟ್ ಟಿವಿ ಗೇಮುಗಳು ಬಹುಪಾಲು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಇವುಗಳಲ್ಲಿ ಹಲವಕ್ಕೆ ಆಂಟೆನಾ ವೈರು ಬಿಟ್ಟರೆ ಬೇರೆ ಔಟ್‌ಪುಟ್ ಇಲ್ಲ. ಒಳಗಿನ ಚಿಪ್ಪು ಕೊಡುವುದು ಕಾಂಪೋಸಿಟ್ ವಿಡಿಯೊವನ್ನೇ, ಅಂದರೆ ಬಣ್ಣ, ಬೆಳಕು ಎಲ್ಲ ಒಂದೇ ವೈರಿನಲ್ಲಿ ಬೆರೆತ ಚಿತ್ರದ ಸಿಗ್ನಲ್ಲನ್ನೇ. ಆರ್‌ಎಫ್ ಮಾಡ್ಯುಲೇಟರ್ ಎಂಬ ತಗಡಿನ ಡಬ್ಬಿ ಅದನ್ನು ಚಾನೆಲ್ಲಿನ ಅಲೆಗೆ ಏರಿಸುತ್ತದೆ, ಟಿವಿಯ ಟ್ಯೂನರ್ ಮತ್ತೆ ಇಳಿಸುತ್ತದೆ. ಅಕ್ಷರದ ಅಂಚು ಮಸುಕಾಗುವುದು, ಪರದೆ ತುಂಬ ರವೆ ಚೆಲ್ಲಿದಂತೆ ಚುಕ್ಕಿ ಕಾಣುವುದು ಈ ಏರಿಳಿತದಲ್ಲೇ. ಹಾಗಾಗಿ ನಾನು ಡಬ್ಬಿಯನ್ನು ದಾಟಿಸಿ, ಚಿಪ್ಪಿನ ಬಾಯಿಂದಲೇ ಸಿಗ್ನಲ್ ತೆಗೆದು, ಟಿವಿಗೆ ಬೇಕಾದಷ್ಟು ಕರೆಂಟು ಒದಗಿಸುವ ಒಂದು ಟ್ರಾನ್ಸಿಸ್ಟರ್ ಬಫರ್ ಹಾಕಿ, ಟಿವಿಯ ಎವಿ ವೈರು ಚುಚ್ಚುವ ಆರ್‌ಸಿಎ ಜ್ಯಾಕಿಗೆ ಕೊಡುತ್ತೇನೆ.

ಸಾಮಾನು ಇಷ್ಟೇ: ಬಿ.ಸಿ. 557 ಟ್ರಾನ್ಸಿಸ್ಟರ್ ಒಂದು, ಕಾಲು ವಾಟಿನ 150 ಓಮ್ ಮತ್ತು 75 ಓಮ್ ರೆಸಿಸ್ಟರ್ ಒಂದೊಂದು, 220 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್ ಒಂದು, ಆಡಿಯೊಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 1 ಕಿಲೋ ಓಮ್ ರೆಸಿಸ್ಟರ್, ಸಪ್ಲೈಗೆ 104 ಎಂದು ಬರೆದ ಸೆರಾಮಿಕ್ ಕೆಪಾಸಿಟರ್ ಎರಡು, ಆರ್‌ಸಿಎ ಜ್ಯಾಕ್ ಎರಡು, ಒಂದು ಗೇಣು ಶೀಲ್ಡ್ ವೈರು. ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಪ್ರಾಜೆಕ್ಟಿಗೆ ಒಯ್ಯುವ ಸಾಮಾನೇ ಇವು. ಊರಲ್ಲೇ ಸಿಗುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಿಲ್ಲ. 75 ಓಮ್ ಸಿಗದಿದ್ದರೆ 150 ಓಮಿನ ಎರಡನ್ನು ಪ್ಯಾರಲಲ್ ಮಾಡಿ. ಸೋಲ್ಡರಿಂಗ್ ಐರನ್ 25 ವಾಟಿನದು ಸಾಕು. ಈ ಗೇಮುಗಳ ಕಂದು ಬೋರ್ಡಿನಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಬಿಸಿ ಕೊಟ್ಟರೆ ತಾಮ್ರದ ಪಟ್ಟಿ ಎದ್ದು ಬರುತ್ತದೆ.

ಬಿಚ್ಚಿದ ಮೇಲೆ ಎರಡು ಬಗೆಯ ಬೋರ್ಡು ಕಾಣಬಹುದು. ಹಳೆಯದರಲ್ಲಿ 40 ಕಾಲಿನ ಎರಡು ದೊಡ್ಡ ಚಿಪ್ಪು ಇರುತ್ತವೆ. ಅವುಗಳಲ್ಲಿ ಯುಎ6538 ಚಿತ್ರದ್ದು. ಅದರ 21ನೇ ಕಾಲೇ ವಿಡಿಯೊ. ಕಚ್ಚು ಮೇಲಿರುವಂತೆ ಹಿಡಿದರೆ ಬಲಗಡೆ ಕಟ್ಟಕಡೆಯ ಕಾಲು. ಅದಕ್ಕೆ ಎದುರಿಗಿರುವ 20ನೆಯದು ಗ್ರೌಂಡ್, 40ನೆಯದು 5 ವೋಲ್ಟ್. ಆಮೇಲಿನ ಅಗ್ಗದ ಬೋರ್ಡುಗಳಲ್ಲಿ ಚಿಪ್ಪೇ ಕಾಣದು, ಒಂದು ಕಪ್ಪು ಬೊಟ್ಟು ಮಾತ್ರ. ಅಲ್ಲಿ ತಗಡಿನ ಡಬ್ಬಿಗೆ ಹೋಗುವ ವೈರುಗಳನ್ನು ಗುರುತಿಸಬೇಕು. ತಗಡಿಗೆ ಕೂಡಿದ್ದು ಗ್ರೌಂಡ್. ಮಲ್ಟಿಮೀಟರ್ ಕದಲದೆ 5 ವೋಲ್ಟ್ ತೋರಿಸಿದ್ದು ಸಪ್ಲೈ. ಉಳಿದ ಎರಡರಲ್ಲಿ ವಿಡಿಯೊ ಯಾವುದು, ಆಡಿಯೊ ಯಾವುದು ಎಂದು ಕಿವಿಯಿಂದಲೇ ತಿಳಿಯಬಹುದು. 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಒಂದು ಸಣ್ಣ ಸ್ಪೀಕರ್ ಆಂಪ್ಲಿಫೈಯರಿಗೆ ಮುಟ್ಟಿಸಿ. ಒಂದರಲ್ಲಿ ಗೇಮಿನ ಸಂಗೀತ ಬರುತ್ತದೆ. ಇನ್ನೊಂದರಲ್ಲಿ ಬರ್‍ರ್ ಎಂಬ 50 ಹರ್ಟ್ಜಿನ ಗುಂಯ್‌ಗುಡಿಕೆ. ಪರದೆ ಕಪ್ಪಿನಿಂದ ಬಿಳಿಗೆ ಹೋದಾಗ ಆ ಸದ್ದಿನ ಧಾಟಿ ಬದಲಾಗುತ್ತದೆ. ಅದೇ ವಿಡಿಯೊ.

ವಿಡಿಯೊ ವೈರಿನ ಹಾದಿ ಹಿಡಿದು ಹಿಂದಕ್ಕೆ ಹೋದರೆ ಹೆಚ್ಚಿನ ಬೋರ್ಡುಗಳಲ್ಲಿ ಒಂದು ಪುಟ್ಟ ಟ್ರಾನ್ಸಿಸ್ಟರ್ ಸಿಗುತ್ತದೆ. ಸಿಗ್ನಲ್ ತೆಗೆಯಬೇಕಾದ್ದು ಅದರ ಬೇಸಿನಿಂದ, ಅಂದರೆ ಅದಕ್ಕೂ ಮೊದಲಿನ ಜಾಗದಿಂದ. ಆಮೇಲೆ ಆ ಹಳೇ ಟ್ರಾನ್ಸಿಸ್ಟರನ್ನು ಕಿತ್ತುಬಿಡಿ. ತಗಡಿನ ಡಬ್ಬಿಗೆ ಹೋಗುವ 5 ವೋಲ್ಟನ್ನೂ ಕತ್ತರಿಸಿ. ಡಬ್ಬಿ ಜೀವಂತ ಇದ್ದರೆ ಅದರ ಆಸಿಲೇಟರ್ ಚಿತ್ರದ ಮೇಲೆ ಓರೆ ಗೆರೆಗಳನ್ನು ಎಳೆಯುತ್ತಲೇ ಇರುತ್ತದೆ. ಡಬ್ಬಿಯ ವಿಡಿಯೊ ವೈರಿಗೆ ನೇರ ಜ್ಯಾಕ್ ಹಾಕಿ ಮುಗಿಸುವವರಿಗೆ ಚಿತ್ರ ಬರುತ್ತದಾದರೂ ಮಂಕಾಗಿ, ನಡುಗುತ್ತ ಬರುವುದು ಇದರಿಂದಲೇ.

ಈಗ ಬಫರ್. ಚಿಪ್ಪಿನ ವಿಡಿಯೊ ಬೇಸಿಗೆ. ಕಲೆಕ್ಟರ್ ಗ್ರೌಂಡಿಗೆ. ಎಮಿಟರಿನಿಂದ 150 ಓಮ್ 5 ವೋಲ್ಟಿಗೆ. ಅದೇ ಎಮಿಟರಿನಿಂದ 220 ಮೈಕ್ರೋಫ್ಯಾರಡ್ ಕೆಪಾಸಿಟರಿನ ಪ್ಲಸ್. ಅದರ ಮೈನಸ್ಸಿನಿಂದ 75 ಓಮ್ ಹಾದು ಹಳದಿ ಜ್ಯಾಕಿನ ನಡುಪಿನ್ನಿಗೆ. ಬಿ.ಸಿ. 557ರ ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇದ್ದಾಗ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯವರು ಬದಲಿಗೆ 2ಎನ್3906 ಕೊಟ್ಟರೆ ಕೆಲಸವೇನೋ ಆಗುತ್ತದೆ, ಆದರೆ ಅದರ ಕ್ರಮ ಎಮಿಟರ್, ಬೇಸ್, ಕಲೆಕ್ಟರ್. ಎ1015 ಆದರೆ ಎಮಿಟರ್, ಕಲೆಕ್ಟರ್, ಬೇಸ್. ಸೋಲ್ಡರ್ ಆದಮೇಲೆ ಟಿವಿಗೆ ಹಾಕುವ ಮುಂಚೆ ಎಮಿಟರಿನ ವೋಲ್ಟೇಜ್ ನೋಡಿ: ಬೇಸಿಗಿಂತ 0.6ರಿಂದ 0.7 ವೋಲ್ಟ್ ಹೆಚ್ಚಿರಬೇಕು. ಹೆಚ್ಚುಕಡಿಮೆ 5 ವೋಲ್ಟೇ ತೋರಿಸಿದರೆ ಬೇಸಿನ ಬೆಸುಗೆ ಕೂತಿಲ್ಲ, ಇಲ್ಲವೇ ಕಾಲು ಅದಲುಬದಲಾಗಿದೆ.

150 ಓಮಿನ ಜಾಗದಲ್ಲಿ 300 ಓಮ್ ತೋರಿಸುವ ನಕ್ಷೆಗಳೂ ಓಡಾಡುತ್ತವೆ. ನಾನು 150ನ್ನೇ ಹಾಕುವುದಕ್ಕೆ ಕಾರಣ ಇದೆ. ಎರಡು ಚಿಪ್ಪಿನ ಬೋರ್ಡಿನಲ್ಲಿ ವಿಡಿಯೊ ಕಾಲಿನ ಸಿಗ್ನಲ್ ಸಿಂಕಿನಿಂದ (ಗೆರೆ ಎಲ್ಲಿ ಶುರು ಎಂದು ಟಿವಿಗೆ ಹೇಳುವ ತೀರ ಕೆಳಗಿನ ಮಟ್ಟ) ಬಿಳಿಯವರೆಗೆ ಸುಮಾರು 2 ವೋಲ್ಟ್. ನಮ್ಮ 75 ಓಮ್, ಟಿವಿಯೊಳಗಿನ 75 ಓಮ್ ಸೇರಿ ಅದನ್ನು ಅರ್ಧಕ್ಕೆ ಇಳಿಸುತ್ತವೆ. ಕಾಂಪೋಸಿಟ್‌ಗೆ ಬೇಕಾದ 1 ವೋಲ್ಟ್ ಸರಿಯಾಗಿ ಸಿಗುತ್ತದೆ. ಆದರೆ ಬಿಳಿ ಬಂದಾಗ ಎಮಿಟರ್ ಸುಮಾರು 3.4 ವೋಲ್ಟಿಗೆ ಏರಿರುತ್ತದೆ, 5 ವೋಲ್ಟಿಗೆ ಉಳಿಯುವುದು 1.6 ಮಾತ್ರ. 300 ಓಮ್ ಹಾದು ಬರುವ ಕರೆಂಟು ಆಗ 5 ಮಿಲಿಆಂಪಿನಷ್ಟೇ. ಟಿವಿಗೆ ಬೇಕಾದ್ದು 8ರ ಹತ್ತಿರ. ಸಾಲದೆ ಬಿಳಿ ಅಲ್ಲೇ ನಿಂತುಬಿಡುತ್ತದೆ, ಮೋಡಕ್ಕೂ ತಿಳಿ ಆಕಾಶಕ್ಕೂ ವ್ಯತ್ಯಾಸ ಕಾಣದು. 150 ಓಮ್ ಇದ್ದರೆ 10 ಮಿಲಿಆಂಪ್ ಸಿಗುತ್ತದೆ. ಕಪ್ಪು ಬೊಟ್ಟಿನ ಬೋರ್ಡುಗಳಲ್ಲಿ ಸಿಗ್ನಲಿನ ಎತ್ತರ ಒಂದೊಂದರಲ್ಲಿ ಒಂದೊಂದು ಥರ. ಚಿತ್ರ ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದರೆ 75ರ ಬದಲು 110 ಓಮ್ ಹಾಕಿ ನೋಡಿ.

ಕೆಪಾಸಿಟರನ್ನು ಚಿಕ್ಕದು ಮಾಡಬೇಡಿ. ಕೈಗೆ ಸಿಕ್ಕಿತೆಂದು 10 ಮೈಕ್ರೋಫ್ಯಾರಡ್ ಹಾಕಿದರೆ 100 ಹರ್ಟ್ಜಿಗಿಂತ ಕೆಳಗಿನದೆಲ್ಲ ಸೋರುತ್ತದೆ. ಒಂದೇ ಬಣ್ಣದ ಪರದೆ ಮೇಲೊಂದು ಛಾಯೆ, ಕೆಳಗೊಂದು ಛಾಯೆ ಆಗಿ, ಕೆಲವು ಟಿವಿಗಳಲ್ಲಿ ಚಿತ್ರವೇ ಉರುಳತೊಡಗುತ್ತದೆ. 470 ಹಾಕಿದರೆ ಇನ್ನೂ ಒಳ್ಳೆಯದೇ. ಆಡಿಯೊ ಸುಲಭ: 10 ಮೈಕ್ರೋಫ್ಯಾರಡ್, 1 ಕಿಲೋ ಓಮ್, ಬಿಳಿ ಜ್ಯಾಕ್, ಅಷ್ಟೇ.

ಚಿತ್ರದಲ್ಲಿ ಕಂಬಿ ಕಂಬಿಯಾಗಿ ಉದ್ದ ಗೆರೆ ಕಂಡರೆ ಕ್ಲಾಕ್ ಮತ್ತು ಡೇಟಾ ಗೆರೆಗಳ ಗದ್ದಲ ವಿಡಿಯೊಗೆ ತಾಗುತ್ತಿದೆ ಎಂದು ಅರ್ಥ. ಟ್ರಾನ್ಸಿಸ್ಟರನ್ನು ಚಿಪ್ಪಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಕೂರಿಸಿ. 21ನೇ ಕಾಲನ್ನು ಬೋರ್ಡಿನಿಂದ ಎಬ್ಬಿಸಿ ಅದಕ್ಕೇ ನೇರ ಬೆಸೆಯಿರಿ. 104 ಸೆರಾಮಿಕನ್ನು 20 ಮತ್ತು 40ನೇ ಕಾಲಿನ ನಡುವೆ ಹಾಕಿ. ಜ್ಯಾಕಿಗೆ ಶೀಲ್ಡ್ ವೈರೇ ಇರಲಿ, ಅದರ ಗ್ರೌಂಡನ್ನು ತಗಡಿನ ಡಬ್ಬಿಯಿಂದ ತೆಗೆಯದೆ 5 ವೋಲ್ಟ್ ಕೊಡುವ ರೆಗ್ಯುಲೇಟರ್ 7805ರ ನಡುಗಾಲಿನಿಂದ ತನ್ನಿ. ಗೆರೆ ಪೂರ್ತಿ ಮಾಯವಾಗುವುದು ಅಪರೂಪ, ಆದರೆ ತುಂಬ ತೆಳುವಾಗುತ್ತದೆ.

ಎರಡು ಅಗಲ ಪಟ್ಟಿ ಪರದೆಯ ಮೇಲೆ ನಿಧಾನವಾಗಿ ತೆವಳುತ್ತಿದ್ದರೆ ಅದು ಬೇರೆ ರೋಗ, ಅಡಾಪ್ಟರಿನ 100 ಹರ್ಟ್ಜ್ ಹಮ್. 7805ರ ಇನ್‌ಪುಟ್ ಕೆಪಾಸಿಟರ್ ಒಣಗಿರುತ್ತದೆ. 1000 ಮೈಕ್ರೋಫ್ಯಾರಡ್ 25 ವೋಲ್ಟ್ ಹಾಕಿ. ಟ್ರಾನ್ಸ್‌ಫಾರ್ಮರ್ ಇರುವ ಹಳೇ 9 ವೋಲ್ಟ್ ಅಡಾಪ್ಟರುಗಳು ಕಡಿಮೆ ಲೋಡಿನಲ್ಲಿ 12 ವೋಲ್ಟ್ ಕೊಡುವುದೂ ಉಂಟು. 300 ಮಿಲಿಆಂಪ್ ಎಳೆದರೆ 7805ರಲ್ಲಿ 2 ವಾಟ್ ಶಾಖವಾಗಿಯೇ ಹೋಗುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಹೀಟ್‌ಸಿಂಕ್ ಬೇಕೇ ಬೇಕು. ಅದರ ಲೋಹದ ಬೆನ್ನು ಗ್ರೌಂಡೇ ಆಗಿರುವುದರಿಂದ ಮೈಕಾ ಹಾಳೆ ಬೇಡ. ಪ್ಲಗ್ಗಿನ ಪ್ಲಸ್ ಮೈನಸ್ ಮಾತ್ರ ಮೊದಲೇ ಮೀಟರಿನಲ್ಲಿ ನೋಡಿಕೊಳ್ಳಿ: ಈ ಗೇಮುಗಳಲ್ಲಿ ಹಲವು ನಡುಪಿನ್ನು ಮೈನಸ್ ಇರುವಂಥವು.

ಬಣ್ಣವೇ ಬರದಿದ್ದರೆ ಬೋರ್ಡಿನ ಕ್ರಿಸ್ಟಲ್ ಮೇಲೆ ಬರೆದ ಸಂಖ್ಯೆ ಓದಿ. 26.601 ಇದ್ದರೆ ಪಾಲ್, 21.477 ಇದ್ದರೆ ಎನ್‌ಟಿಎಸ್‌ಸಿ. ಟಿವಿಯ ಕಲರ್ ಸಿಸ್ಟಮನ್ನು ಅದಕ್ಕೆ ಹೊಂದಿಸಿ. ಹೊಸ ಟಿವಿಗಳಲ್ಲಿ ಎವಿ ಜಾಗದಲ್ಲಿ 3.5 ಮಿಲಿಮೀಟರ್ ಒಂದೇ ತೂತು ಇರುತ್ತದೆ. ಅದರೊಳಗಿನ ಸಂಪರ್ಕದ ಕ್ರಮ ಎಲ್ಲ ಕಂಪನಿಗಳಲ್ಲಿ ಒಂದೇ ಅಲ್ಲ. ಹಳದಿಯಲ್ಲಿ ಚಿತ್ರ ಬರದಿದ್ದರೆ ಕೆಂಪು, ಬಿಳಿಯಲ್ಲೂ ಹಾಕಿ ನೋಡಿ, ಆಮೇಲೆ ಬೋರ್ಡನ್ನು ಅನುಮಾನಿಸಿ.

ಇದಕ್ಕಿಂತ ಮೇಲಿನ ಗುಣಮಟ್ಟ, ಅಂದರೆ ಕೆಂಪು, ಹಸಿರು, ನೀಲಿ ಬೇರೆ ಬೇರೆ ವೈರಿನಲ್ಲಿ ಬರುವ ಆರ್‌ಜಿಬಿ ಬೇಕೆಂದರೆ ಕಪ್ಪು ಬೊಟ್ಟಿನ ಬೋರ್ಡಿನಲ್ಲಿ ಈ ದಾರಿಯಲ್ಲಿ ಆಗದು. ಬಣ್ಣವೆಲ್ಲ ಚಿಪ್ಪಿನೊಳಗೇ ಕಾಂಪೋಸಿಟ್ ಆಗಿ ಬೆರೆತು ಬರುತ್ತದೆ. ಎಚ್‌ಡಿಎಂಐ ಮಾಡುವ ಅಗ್ಗದ ಪೆಟ್ಟಿಗೆ ತರುವ ಮುಂಚೆಯೂ ಯೋಚಿಸಿ. ಈ ಗೇಮುಗಳು ಕೊಡುವುದು ಇಂಟರ್‌ಲೇಸ್ (ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ ಬರೆಯುವುದು) ಇಲ್ಲದ 240 ಗೆರೆಯ ಚಿತ್ರ. ಅಂಥ ಪೆಟ್ಟಿಗೆಗಳು ಅದನ್ನು ಇಂಟರ್‌ಲೇಸ್ ಎಂದೇ ತಿಳಿದು ಎರಡೆರಡು ಚಿತ್ರ ಹೆಣೆಯುತ್ತವೆ, ಓಡುವ ಆಕೃತಿಯ ಅಂಚು ಬಾಚಣಿಗೆ ಹಲ್ಲಾಗುತ್ತದೆ, ಮಿಣುಕುವ ಗುಂಡುಗಳು ಕಾಣದೇ ಹೋಗುತ್ತವೆ. ಗುಜರಿಯಲ್ಲಿ ಎವಿ ಇನ್ ಇರುವ 14 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ ಸಿಕ್ಕರೆ ಬಿಡಬೇಡಿ. ಬಾತುಕೋಳಿ ಹೊಡೆಯುವ ಪಿಸ್ತೂಲ್ ಗೇಮು ನಡೆಯುವುದೂ ಅದರಲ್ಲೇ, ಎಲ್‌ಇಡಿ ಟಿವಿಯಲ್ಲಿ ನಡೆಯದು.